ಎರಡಾಳು ಭಾರ

ಕಲ್ಲಿನ ಕಡೆ ನೋಡಬಾರದು ಎಂದುಕೊಂಡೇ ಸೀನಪ್ಪ ಬೆಳಗ್ಗೆ ಗಾಡಿ ಕಟ್ಟಿದ್ದ. ಆದರೆ ಹುಣಸೆದಿನ್ನೆಯಲ್ಲಿ ಇರುವುದೇ ಒಂದು ಬೀದಿ, ಆ ಬೀದಿಯ ನಟ್ಟನಡುವೆಯೇ ಆ ಕಲ್ಲು. ಅದನ್ನು ನೋಡದೆ ಊರು ದಾಟಬೇಕಾದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮೊಣಕಾಲೆತ್ತರದ, ಎಣ್ಣೆ ಕುಡಿದು ಕುಡಿದು ಕಪ್ಪಾದ ಕರುವುಗಲ್ಲು. ಊರು ಕಟ್ಟಿದ ದಿನ ಹಿರಿಯರು ನೆಟ್ಟದ್ದು ಎಂದು ಹದಿನೆಂಟು ಮನೆಯ ಮಕ್ಕಳಿಗೂ ಬಾಯಿಪಾಠ. ದನಕ್ಕೆ ರೋಗ ಬಂದರೆ ಅದಕ್ಕೆ ನೂರೊಂದು ಬಿಂದಿಗೆ ನೀರು ಹುಯ್ದು, ಆ ಒದ್ದೆ ನೆಲವನ್ನು ತುಳಿಸಿ ದನ ದಾಟಿಸುತ್ತಾರೆ. ಗಾಡಿಯ ಚಕ್ರ ಅದಕ್ಕೆ ಸೋಕಬಾರದು, ಹೊರಗಿನ ಗುಡಿಸಲುಗಳವರು ಮುಟ್ಟಬಾರದು, ಯಾರೂ ಅದನ್ನು ಕದಲಿಸಬಾರದು. ಅದು ಕದಲಿದರೆ ಊರೇ ಕದಲಿತು ಎಂದು ಅರ್ಥ. ಇವತ್ತು ಯಾರೋ ಆಗಲೇ ಅರಿಶಿನ ಬಳಿದು ಕಣಗಿಲೆ ಹೂವು ಇಟ್ಟಿದ್ದರು. ಸೀನಪ್ಪ ಎತ್ತುಗಳ ಮೂಗುದಾರ ಹಿಡಿದು, ಇಪ್ಪತ್ತೇಳು ವರ್ಷದಿಂದ ಮಾಡುತ್ತ ಬಂದ ಹಾಗೆ, ಗಾಡಿಯನ್ನು ಕಲ್ಲಿನಿಂದ ಎರಡು ಮಾರು ದೂರಕ್ಕೆ ಎಳೆದು ಆಚೆ ದಾಟಿಸಿದ. ಜನ ಇದನ್ನು ಭಕ್ತಿ ಎಂದು ತಿಳಿದಿದ್ದರು. ಸೀನಪ್ಪನಿಗಿರುವ ಭಯಭಕ್ತಿ ಊರಲ್ಲಿ ಇನ್ನೊಬ್ಬರಿಗಿಲ್ಲ ಎಂದು ಯಜಮಾನ ಬಚ್ಚಪ್ಪ ನಾಲ್ಕು ಜನರ ಮುಂದೆ ಹೇಳಿದ್ದೂ ಉಂಟು. ಭಯದ ಮಟ್ಟಿಗೆ ಆ ಮಾತು ನಿಜವಾಗಿತ್ತು.

"ವಸಿ ನಿಲ್ಲಿ," ಎಂದು ಹೆಂಡತಿ ಕನಕಮ್ಮ ಹಿಂದಿನಿಂದ ಓಡಿಬಂದು ಹಳೆಯ ಗೋಣಿಚೀಲವೊಂದನ್ನು ಗಾಡಿಯೊಳಗೆ ಎಸೆದಳು. "ಅವ್ಳನ್ನ ಇದ್ರ ಮ್ಯಾಲೆ ಕೂರ್ಸಿ. ಆಮ್ಯಾಕೆ ಬಿಸಾಕಿದ್ರಾಯ್ತು. ಗಾಡೀನ ನಾನು ಸಗಣಿ ನೀರಾಕಿ ತೊಳೀತೀನಿ."

ಬಚ್ಚಪ್ಪ ತನ್ನ ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದವನು ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದು, "ಮದ್ಯಾನ್ನದೊಳ್ಗೆ ಕರ್ಕೊಂಡು ಬಂದ್ಬಿಡಪ್ಪಾ. ಶೇಕ್ದಾರ್ರು ಕಾಯಾಕಿಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ಅಳೇದೆಲ್ಲ ಕೆದುಕ್ಬೇಡ. ನಯವಾಗಿ ಮಾತಾಡ್ಸು," ಎಂದು ಸೇರಿಸಿದ. ಹಳೆಯದು ಎಂದರೆ ಏನೆಂದು ಬಚ್ಚಪ್ಪನಿಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಉಳಿದರ್ಧ ಈ ಲೋಕದಲ್ಲಿ ಸೀನಪ್ಪನೊಬ್ಬನಿಗೆ ಗೊತ್ತಿತ್ತು, ಅಥವಾ ಇಬ್ಬರಿಗೆ. ಆ ಎರಡನೆಯವಳಿಗೆ ಗೊತ್ತೋ ಇಲ್ಲವೋ ಎಂಬುದೇ ಎಂಟು ದಿನದಿಂದ ಅವನ ಅನ್ನವನ್ನೂ ನಿದ್ದೆಯನ್ನೂ ತಿಂದಿದ್ದು.

ಸರ್ಕಾರದ ಯಾವ ಪುಸ್ತಕದಲ್ಲೂ ಹುಣಸೆದಿನ್ನೆ ಎಂಬ ಊರಿರಲಿಲ್ಲ. ಕಂದಾಯ ಹೋಗುವುದು ತೊರೆಹಳ್ಳಿಯ ಲೆಕ್ಕಕ್ಕೆ. ದಿನ್ನೆಯ ಹೆಂಗಸರು ದಿನ್ನೆಯಲ್ಲೇ ಹೆತ್ತರೂ ಮಕ್ಕಳು ಹುಟ್ಟುತ್ತಿದ್ದದ್ದು ತೊರೆಹಳ್ಳಿಯಲ್ಲಿ, ಮುದುಕರು ಸಾಯುತ್ತಿದ್ದದ್ದೂ ತೊರೆಹಳ್ಳಿಯಲ್ಲಿ. ಬದುಕುವುದು ಮಾತ್ರ ದಿನ್ನೆಯಲ್ಲಿ. ಯಾರಿಗೂ ಇದರಿಂದ ತೊಂದರೆ ಇರಲಿಲ್ಲ. ಆದರೆ ಪಕ್ಕದ ಚಿನ್ನದ ಗಣಿ ಸರ್ಕಾರದ ಕೈಗೆ ಬಂದ ಮೂರನೆಯ ವರ್ಷ, ಗಣಿಯ ಎಲ್ಲೆಯನ್ನು ಹೊಸದಾಗಿ ಅಳೆಯಬೇಕು ಎಂದು ಹುಕುಂ ಆಯಿತು. ಕಂದಾಯ ಇಲಾಖೆಯ ಶೇಕ್ದಾರರು ಜವಾನನನ್ನು ಕರೆದುಕೊಂಡು ಸೈಕಲ್ಲಿನಲ್ಲಿ ಬಂದರು. ಬಿಳಿಯರ ಕಾಲದಲ್ಲಿ, ಮೂವತ್ತು ವರ್ಷದ ಹಿಂದೆ, ಎಲ್ಲೆಗೆಂದು ಇಪ್ಪತ್ತು ಕಲ್ಲು ನೆಟ್ಟಿದ್ದರಂತೆ. ಹತ್ತೊಂಬತ್ತು ಸಿಕ್ಕಿದ್ದವು, ಹದಿನಾಲ್ಕನೆಯದು ಇರಲಿಲ್ಲ. ಅದು ಎಲ್ಲಿ ಸಿಗುತ್ತದೋ ಅಲ್ಲಿಯವರೆಗೂ ಗಣಿಯ ನೆಲ. ಹಾಗೆ ಹೇಳುತ್ತ ಬೀದಿಯಲ್ಲಿ ನಡೆದುಬಂದ ಶೇಕ್ದಾರರು ಕರುವುಗಲ್ಲಿನ ಮುಂದೆ ನಿಂತುಬಿಟ್ಟರು. "ಇದೇನ್ರೀ, ನಿಮ್ಮ ತಾತಂದಿರು ಇಷ್ಟು ಚೆನ್ನಾಗಿ ಚೌಕ ಕಡೀತಿದ್ರಾ?" ಎಂದು ಕೇಳಿದಾಗ ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಸೀನಪ್ಪನ ಕೈ ತನಗೆ ತಾನೇ ಹೆಗಲ ಮೇಲಿನ ಟವಲ್ಲಿಗೆ ಹೋಗಿತ್ತು.

ಅಗೆದು ನೋಡಿದರಾಯಿತು, ಒಂದು ಹೊತ್ತಿನ ಕೆಲಸ, ಎಂದಿದ್ದರು ಶೇಕ್ದಾರರು. ಜನ ಕಾಲಿಗೆ ಬಿದ್ದರು. ಕರುವುಗಲ್ಲನ್ನು ಅಗೆಯುವುದೆಂದರೇನು! ಕೊನೆಗೆ ಅವರು ಒಂದು ದಾರಿ ತೋರಿಸಿದರು. ದಿನ್ನೆಯಲ್ಲಿ ಮನೆ ಹೊಲ ಏನೂ ಇಲ್ಲದ, ಆದರೆ ಹಿಂದಿನದನ್ನು ಬಲ್ಲ ಒಬ್ಬರು ಬಂದು, ಗಣಿಯ ಎಲ್ಲೆಗಿಂತ ಮೊದಲಿನಿಂದಲೂ ಈ ಕಲ್ಲು ಇಲ್ಲಿತ್ತು ಎಂದು ಸಾಕ್ಷಿ ಹೇಳಿ ಹೆಬ್ಬೆಟ್ಟು ಒತ್ತಿದರೆ, ಇದು ಹಳೆಯ ಊರು ಎಂದು ಬರೆದು ಮೇಲಕ್ಕೆ ಕಳಿಸುತ್ತಾರೆ. ಊರು ಎಂದಾದರೆ ಶಾಲೆ, ಬಾವಿ, ಎಲ್ಲ. ಇಲ್ಲವೆಂದಾದರೆ ಹದಿನೆಂಟು ಮನೆಯೂ ಗಣಿಯ ಜಾಗದ ಒತ್ತುವರಿ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಬಿಳೀ ಗುಡ್ಡ ಆಗಲೇ ಹೊಲದ ಅಂಚಿಗೆ ಬಂದು ನಿಂತಿದೆ, ಮುಂದೆ ಮನೆಯ ಮೇಲೂ ಬರುತ್ತದೆ. ಅಂಥ ಸಾಕ್ಷಿ ಎಲ್ಲಿಂದ ತರುವುದು ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಬಚ್ಚಪ್ಪನೇ ತೊಡೆ ತಟ್ಟಿ ಹೇಳಿದ್ದು: "ಉರಿಗಾಂ ಲೈನಲ್ಲಿ ಮಾರಿ ಅವ್ಳಲ್ಲ! ಅವ್ಳಿಗೆ ನಮ್ಮೂರಲ್ಲಿ ಒಂದಿಡಿ ಮಣ್ಣೂ ಇಲ್ಲ." ಅವಳ ಆ ಒಂದು ಹಿಡಿ ಮಣ್ಣನ್ನು ಕಿತ್ತುಕೊಂಡವನು ಬಚ್ಚಪ್ಪನ ಅಪ್ಪ. ಅದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ, ಅಥವಾ ನೆನಪಾಗದಿರುವುದೇ ಅನುಕೂಲವಾಗಿತ್ತು.

ಗಣಿ ಕೂಲಿಗಳ ಸಾಲುಮನೆಗಳಿರುವ ಉರಿಗಾಂ ಹೊಲದ ದಾರಿಯಲ್ಲಿ ಮೂರು ಮೈಲಿ. ರಾಗಿ ತೆನೆ ಕಟ್ಟಿತ್ತು, ಗುಡ್ಡದ ಕಡೆಯ ಹೊಲದ ತೆನೆಯ ಮೇಲೆಲ್ಲ ಬಿಳೀ ಧೂಳು ಕೂತಿತ್ತು. ಎತ್ತುಗಳಿಗೆ ದಾರಿ ಗೊತ್ತು. ಇಪ್ಪತ್ತೇಳು ವರ್ಷದ ಹಿಂದೆ ಆವತ್ತೂ ಎತ್ತುಗಳಿಗೆ ದಾರಿ ಗೊತ್ತು ಎಂದೇ ಸೀನಪ್ಪ ಗಾಡಿಯಲ್ಲಿ ತೂಕಡಿಸಿದ್ದ. ಗಣಿಯವರು ಕೂಲಿಗಳಿಗೆ ಮನೆ ಕಟ್ಟಿಸುತ್ತಿದ್ದ ಕಾಲ. ಕಟ್ಟಡದ ಕಲ್ಲು ಹೇರಿಕೊಂಡು ಹೋದರೆ ಒಳ್ಳೆಯ ಬಾಡಿಗೆ, ಕೋಳಿ ಕೂಗುವ ಮುಂಚೆ ಹೊರಟರೆ ಎರಡು ಸಲ ಹೊಡೆಯಬಹುದು. ಇಪ್ಪತ್ತನಾಲ್ಕರ ಪ್ರಾಯ, ಹೊಸ ಮದುವೆ, ನಿದ್ದೆ ಸಾಲದ ಕಣ್ಣು. ಚಕ್ರ ಏನನ್ನೋ ಹತ್ತಿ ಇಳಿದ ಹಾಗಾಯಿತು, ಕೆಳಗೆ ಹಲ್ಲು ಮುರಿದಂಥ ಸದ್ದು. ಇಳಿದು ಕೈಯಾಡಿಸಿ ನೋಡಿದರೆ ಕರುವುಗಲ್ಲು ನೆಲಮಟ್ಟಕ್ಕೆ ತುಂಡಾಗಿ ಮಗ್ಗುಲಾಗಿ ಬಿದ್ದಿದೆ. ಅವನು ಬೀದಿಯ ಮಣ್ಣಿನಲ್ಲಿ ಕೂತು ಅತ್ತಿದ್ದ. ಹೊಲದ ಕೆಲಸಕ್ಕೆಂದು ಬೇಗ ಬಂದ ಮುನಿಶಾಮಿ ಹತ್ತು ಮಾರು ದೂರದಲ್ಲಿ ನಿಂತು, "ಅಳ್ಬೇಡಿ ಸೋಮಿ. ಗುಡ್ಡದ ತಾವ ಇಂತದೇ ಅಳತೆ ಕಲ್ಲೊಂದೈತೆ. ಬೆಳಕಾಗೋದ್ರೊಳ್ಗೆ ತಂದು ನೆಟ್ಬುಡುಮ," ಎಂದಿದ್ದ. ಮುನಿಶಾಮಿ ಅವರ ಮನೆಯ ಆಳು, ಸೀನಪ್ಪನನ್ನು ಎಳೆಯದರಲ್ಲಿ ಹೆಗಲ ಮೇಲೆ ಹೊತ್ತವನು, ಹೊರಗಿನ ನಾಲ್ಕು ಗುಡಿಸಲುಗಳಲ್ಲಿ ಒಂದು ಅವನದು. ಅವನು ಕರುವುಗಲ್ಲಿನ ಹತ್ತಿರ ಬರುವಂತಿರಲಿಲ್ಲ. ಬಾ ಎಂದು ಕೈಹಿಡಿದು ಎಳೆದದ್ದು ಸೀನಪ್ಪನೇ. ನೆಲದಲ್ಲಿ ಉಳಿದ ಬುಡವನ್ನು ಕಿತ್ತು, ಮುರಿದ ತುಂಡಿನ ಜೊತೆ ಕೆರೆಗೆ ಹಾಕಿದರು. ಹೊಸ ಕಲ್ಲಿನ ಒಂದು ತುದಿಯಲ್ಲಿ ಬಿಳಿಯರ ಎರಡು ಅಕ್ಷರ, ಅದರ ಕೆಳಗೆ ಒಂದು ಅಂಕಿ ಕೊರೆದಿತ್ತು. ಆ ತುದಿ ಕೆಳಗಾಗಲಿ ಎಂದೂ, ಹಳೆಯದರಂತೆ ಕಪ್ಪಾಗಿ ಕಾಣಲು ಮೈಗೆ ಗಾಡಿಯ ಕೀಲೆಣ್ಣೆ ಬಳಿಯೋಣ ಎಂದೂ ಹೇಳುವ ಬುದ್ಧಿ ಮುನಿಶಾಮಿಯದೇ. ಇಬ್ಬರೂ ಅದನ್ನು ತಬ್ಬಿ ಇಳಿಸುವಾಗ ಅವನ ಉಸಿರು ಸೀನಪ್ಪನ ಮುಖಕ್ಕೆ ತಾಕುತ್ತಿತ್ತು, ಹುಳಿಯಾದ ಅಂಬಲಿಯ ವಾಸನೆ. ಇವತ್ತಿಗೂ ಅಂಬಲಿಯ ಮಡಕೆಯ ಮುಚ್ಚಳ ತೆಗೆದರೆ ಸೀನಪ್ಪ ಎದ್ದು ಹೊರಗೆ ಹೋಗುತ್ತಾನೆ. ಕನಕಮ್ಮ ಅದಕ್ಕೆ ಪಿತ್ತ ಎಂದು ಹೆಸರಿಟ್ಟಿದ್ದಾಳೆ.

ಬೆಳಕು ಹರಿಯುತ್ತಿತ್ತು, ಗಾಡಿಯನ್ನು ಆಚೆ ಸಾಗಿಸಲು ಸೀನಪ್ಪ ಹೋದ. ಬುಡದ ಮಣ್ಣನ್ನು ತಟ್ಟಿ ಗಟ್ಟಿ ಮಾಡುತ್ತಿದ್ದ ಮುನಿಶಾಮಿಯನ್ನು ಬಚ್ಚಪ್ಪನ ಅಪ್ಪ ಕಂಡ. ಆಗ ಬೈದು ಓಡಿಸಿದ್ದಷ್ಟೇ. ಆದರೆ ಹದಿನೈದು ದಿನಕ್ಕೆ ದನಗಳಿಗೆ ದೊಡ್ಡರೋಗ ಬಂತು. ನೂರೊಂದು ಬಿಂದಿಗೆ ಹುಯ್ದರೂ ನಿಲ್ಲದೆ ಮೂವತ್ತಾರು ದನ ಸತ್ತವು, ಸೀನಪ್ಪನ ಜೋಡಿ ಎತ್ತೂ ಸೇರಿ. ಹೊರಗಿನವನು ಕಲ್ಲು ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಹುಣಸೆಮರದ ಕೆಳಗೆ ಪಂಚಾಯ್ತಿ ಕೂತಿತು. ಯಾಕೆ ಮುಟ್ಟಿದೆಯೋ ಎಂದು ಕೇಳಿದಾಗ ಮುನಿಶಾಮಿ ತಲೆ ಬಗ್ಗಿಸಿಕೊಂಡಿದ್ದವನು ಒಂದು ಸಲ ಸೀನಪ್ಪನ ಕಡೆ ನೋಡಿದ. ಒಂದೇ ಸಲ. ಆಮೇಲೆ, "ತೆಪ್ಪಾಯ್ತು ಸೋಮಿ," ಎಂದ. ಸೀನಪ್ಪ ಜೋರಾಗಿ ಅಳುತ್ತಿದ್ದ, ಎತ್ತು ಹೋದ ದುಃಖಕ್ಕೆ ಎಂದು ಜನ ಅವನ ಬೆನ್ನು ಸವರುತ್ತಿದ್ದರು. ಅವತ್ತು ಸಂಜೆಯೇ ಮುನಿಶಾಮಿಯ ಗುಡಿಸಲಿನ ಮಾಡು ಕಿತ್ತುಹಾಕಿದರು. ಅವನು ಹೆಂಡತಿ ಮಾರಿಯನ್ನು ಕರೆದುಕೊಂಡು ಗಣಿಗೆ ಹೋಗಿ, ನೆಲದ ಕೆಳಗಿನ ಕೆಲಸಕ್ಕೆ ಸೇರಿದ.

ಉರಿಗಾಂ ಲೈನಿನ ನಲ್ಲಿಯ ಹತ್ತಿರ ಗಾಡಿ ನಿಲ್ಲಿಸಿ, ಮಾರಿಯಮ್ಮನ ಮನೆ ಯಾವುದು ಎಂದು ಸೀನಪ್ಪ ಕೇಳಿದ. ನೀರು ಹಿಡಿಯುತ್ತಿದ್ದ ಹೆಂಗಸರು ಅವನ ಪಂಚೆ, ರುಮಾಲು, ಎತ್ತಿನ ಕೊರಳಿನ ಗಂಟೆ ನೋಡಿ ತಮ್ಮ ತಮ್ಮಲ್ಲೇ ತಮಿಳಿನಲ್ಲಿ ಏನೋ ಹೇಳಿ ನಕ್ಕರು. ಈ ಲೈನಿನಲ್ಲಿ ಏಳು ಜನ ಮಾರಿಯಮ್ಮ ಇದ್ದಾರೆ, ಗಂಡನ ಹೆಸರು ಹೇಳು, ಎಂದಳೊಬ್ಬಳು. ಸೀನಪ್ಪ ಬಾಯಿ ತೆರೆದ. ಹೆಸರು ಬರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವನು ಆ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ ಎನ್ನುವುದು ಅವನಿಗೇ ಆಗ ಗೊತ್ತಾಯಿತು. ಹೆಂಗಸರು ಮತ್ತೆ ನಕ್ಕರು. ಬೆವರು ಒರೆಸಿಕೊಂಡು, "ದಿನ್ನೆ ಕಡೆಯೋಳು," ಎಂದ.

"ಓ, ದಿನ್ನೆ ಪಾಟಿ!" ಎಂದು ಮೂರು ನಾಲ್ಕು ದನಿ ಒಟ್ಟಿಗೆ ಎದ್ದವು. ದಿನ್ನೆಯ ಅಜ್ಜಿ. ಅಲ್ಲಿ ಅವಳಿಗೆ ಅದೇ ಹೆಸರು. ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲದ ಊರು ಈ ತಟ್ಟಿ ಮನೆಗಳ ಸಾಲಿನಲ್ಲಿ ದಿನಕ್ಕೆ ಹತ್ತು ಸಲ ಯಾರ್ಯಾರದೋ ಬಾಯಲ್ಲಿ ಬರುತ್ತಿತ್ತು.

ಬಿದಿರು ತಟ್ಟಿಗೆ ತಗಡು ಹೊದಿಸಿದ ಮನೆ. ಅವಳು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು, ಒಂದು ಕಣ್ಣಿನ ಮೇಲೆ ಪೊರೆ. ಅವನು ವಿಷಯವನ್ನೆಲ್ಲ ಹೇಳುವವರೆಗೂ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಲ್ಲು ಎಂದಾಗ ಮಾತ್ರ ಕೈ ಒಂದು ಗಳಿಗೆ ನಿಂತಿತೋ, ಅವನಿಗೆ ಹಾಗನ್ನಿಸಿತೋ. ಎದ್ದು ಒಳಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದಳು. "ಬಿಸ್ಲಲ್ಲಿ ಬಂದಿದ್ದೀಯ. ಕುಡಿ ಸೀನಪ್ಪಾ."

ಸೋಮಿ ಅಲ್ಲ, ಸೀನಪ್ಪ. ಅವನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಕೈ ಮುಂದಕ್ಕೆ ಬಂದಿತ್ತು ಕೂಡ. ಆದರೂ ಅವನು, "ಬ್ಯಾಡ, ದಾರೀಲಿ ಕುಡ್ದೆ," ಎಂದ. ಎಂದ ತಕ್ಷಣ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅದೇ ಗಳಿಗೆಯಲ್ಲಿ, ಕುಡಿಯದೆ ಪಾರಾದೆ ಎಂಬ ಸಮಾಧಾನವೂ ಆಯಿತು. ಮಾರಿಯಮ್ಮ ಒತ್ತಾಯ ಮಾಡಲಿಲ್ಲ. ಚೊಂಬನ್ನೆತ್ತಿ ತಾನೇ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಪೆಟ್ಟಿಗೆಯಿಂದ ಮಡಿಸಿಟ್ಟ ಹಸಿರು ಸೀರೆ ತೆಗೆದು ಉಟ್ಟುಕೊಂಡು ಬಂದಳು. ಗಾಡಿ ಹತ್ತುವಾಗ ಗೋಣಿಚೀಲ ನೋಡಿದಳು. ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಹಲಗೆಯ ಮೇಲೆಯೇ ಕೂತಳು.

ಅವಳು ಹಿಂದೆ ಕೂತದ್ದು ಸೀನಪ್ಪನಿಗೆ ಎದುರು ಕೂತದ್ದಕ್ಕಿಂತ ಕಷ್ಟವಾಯಿತು. ಮುಖ ಕಾಣುವುದಿಲ್ಲ, ಮಾತು ಮಾತ್ರ ಬೆನ್ನಿಗೆ ಬಂದು ತಾಕುತ್ತದೆ. ಹೇಳಿಬಿಡಬೇಕು, ಈ ದಾರಿಯಲ್ಲೇ ಹೇಳಿಬಿಡಬೇಕು, ಇಲ್ಲಿ ಎತ್ತುಗಳನ್ನು ಬಿಟ್ಟರೆ ಇನ್ನಾರೂ ಇಲ್ಲ ಎಂದು ಅವನು ಮನಸ್ಸಿನಲ್ಲಿ ಮಾತು ಜೋಡಿಸತೊಡಗಿದ. ಆ ಬೇವಿನಮರ ಬರಲಿ ಎಂದುಕೊಂಡ. ಬೇವಿನಮರ ಬಂತು, ಹೋಯಿತು. ಹಳ್ಳ ಬರಲಿ ಎಂದುಕೊಂಡ. ಅವಳಿಗೆ ಗೊತ್ತಿಲ್ಲದಿದ್ದರೆ? ಗೊತ್ತಿಲ್ಲದವಳಿಗೆ ತಾನೇ ಹೇಳಿ, ಅವಳು ಹೋಗಿ ಶೇಕ್ದಾರರ ಮುಂದೆ ಅದನ್ನೇ ಹೇಳಿಬಿಟ್ಟರೆ? ಹದಿನೆಂಟು ಮನೆ, ತನ್ನ ಮೊಮ್ಮಕ್ಕಳು, ತೆನೆ ಕಟ್ಟಿದ ರಾಗಿ. ಊರಿಗಾಗಿ ಸುಮ್ಮನಿದ್ದೇನೆ ಎಂದುಕೊಂಡಾಗ ಎದೆ ಸ್ವಲ್ಪ ಹಗುರಾಯಿತು. ಇಪ್ಪತ್ತೇಳು ವರ್ಷದ ಹಿಂದೆ ಊರಿಗೆ ಯಾವ ಗಂಡಾಂತರವೂ ಇರಲಿಲ್ಲವಲ್ಲ, ಆಗ ಯಾರಿಗಾಗಿ ಸುಮ್ಮನಿದ್ದೆ ಎಂದು ಒಳಗಿನಿಂದ ಯಾರೋ ಕೇಳಿದರು. ಅವನು ಸುಮ್ಮಸುಮ್ಮನೆ ಎತ್ತಿಗೆ ಚಾವಟಿ ಬೀಸಿದ.

"ಎತ್ತೇನ್ ಮಾಡ್ತಪ್ಪಾ, ಒಡೀಬೇಡ," ಎಂದಳು ಮಾರಿಯಮ್ಮ. ಸ್ವಲ್ಪ ದೂರ ಹೋದ ಮೇಲೆ, "ಕೆರೇಲಿ ನೀರೈತಾ?" ಎಂದು ಕೇಳಿದಳು.

ಕೆರೆ ಎಂದಾಗ ಅವನ ಬೆನ್ನು ಸೆಟೆಯಿತು. ಪ್ರತಿ ಬೇಸಿಗೆಯಲ್ಲೂ ಕೆರೆಯ ನೀರು ಇಳಿಯುವುದನ್ನು ಅವನಷ್ಟು ಎಚ್ಚರದಿಂದ ನೋಡುವವರಿರಲಿಲ್ಲ. "ಐತೆ. ತುಂಬೈತೆ," ಎಂದ.

"ತುಂಬಿರ್ಲಿ." ಗಾಡಿಯ ಕೀಲು ಕಿರುಗುಟ್ಟಿತು. "ನಮ್ಮೋರು ಕುಡ್ದು ಬಂದ್ ದಿನ ಒಂದೇ ಮಾತೇಳೋರು ಕಣಪ್ಪಾ. 'ಆ ಕಲ್ಲು ಎರಡಾಳ್ ಬಾರ ಕಣೇ, ಎರಡಾಳ್ ಬಾರ' ಅನ್ನೋರು. ಯಾವ್ ಕಲ್ಲು ಅಂತ ಕೇಳಿದ್ರೆ ನಗೋರು. ಇನ್ನೊಬ್ಬಾಳು ಯಾರು ಅಂದ್ರೆ ಮಕ್ಕೊಂಬುಡೋರು. ಸಾಯೋಗಂಟ್ಲೂ ಏಳ್ಲಿಲ್ಲ."

ಸೀನಪ್ಪನ ಕೈಯಲ್ಲಿ ಹಗ್ಗ ಸಡಿಲವಾಯಿತು. ಅವಳಿಗೆ ಗೊತ್ತಿದೆ. ಗೊತ್ತಿದ್ದೂ ಹಸಿರು ಸೀರೆ ಉಟ್ಟು ಬರುತ್ತಿದ್ದಾಳೆ. ಮುನಿಶಾಮಿ ಸತ್ತು ಹನ್ನೊಂದು ವರ್ಷ. ಆ ದಿನ ಮಧ್ಯಾಹ್ನ ಗಣಿಯೊಳಗೆ ಬಂಡೆ ಸಿಡಿದು ನೆಲ ಅದುರಿದಾಗ ದಿನ್ನೆಯಲ್ಲಿ ಸೀನಪ್ಪನ ಅಟ್ಟದಿಂದ ಮಡಕೆ ಉರುಳಿ ಒಡೆಯಿತು. ಮಡಕೆ ಹೋಯಿತಲ್ಲ ಎಂದು ಅವನು ಕನಕಮ್ಮನನ್ನು ಬೈದಿದ್ದ. ಎರಡು ದಿನ ಬಿಟ್ಟು ಸುದ್ದಿ ಬಂದಾಗ ಅವನು ಹಿತ್ತಿಲಿಗೆ ಹೋಗಿ ನಿಂತ. ಆಗ ಅವನಿಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಇನ್ನು ಹೇಳುವವರು ಯಾರೂ ಇಲ್ಲ ಎಂಬ ನಿರಾಳ. ಆ ಒಂದು ಉಸಿರನ್ನು ಅವನು ಇವತ್ತಿನವರೆಗೂ ತನಗೆ ತಾನೇ ಕ್ಷಮಿಸಿಕೊಂಡಿಲ್ಲ.

ದಿನ್ನೆಯ ಬೀದಿಗೆ ಗಾಡಿ ತಿರುಗಿದಾಗ ಜನ ಸೇರಿದ್ದರು. ಕಲ್ಲಿನಿಂದ ನಾಲ್ಕು ಮಾರು ದೂರದಲ್ಲಿ ಹುಣಸೆಮರದ ನೆರಳಿಗೆ ಕುರ್ಚಿ ಹಾಕಿ ಶೇಕ್ದಾರರನ್ನು ಕೂರಿಸಿದ್ದರು. ಜವಾನ ಒಂದು ಹಾರೆಯನ್ನು ಮರಕ್ಕೆ ಒರಗಿಸಿ ಪಕ್ಕದಲ್ಲಿ ಬೀಡಿ ಸೇದುತ್ತಿದ್ದ. ಮಾರಿಯಮ್ಮ ಇಳಿದು, ಬೀದಿಯ ಎರಡೂ ಕಡೆ ಒಂದೊಂದೇ ಮನೆಯನ್ನು ನೋಡಿ, ತನ್ನ ಗುಡಿಸಲಿದ್ದ ಕಡೆ ನೋಡಿದಳು. ಅಲ್ಲಿ ಬಚ್ಚಪ್ಪನ ಹುಲ್ಲಿನ ಬಣವೆ ಇತ್ತು. ಬಚ್ಚಪ್ಪ ಹಲ್ಲು ಕಿರಿದು, "ಬಾ ಮಾರಿಯಮ್ಮಾ, ಚೆಂದಾಗಿದ್ದೀಯಾ?" ಎಂದ. ಅವಳನ್ನು ಊರಿನವರು 'ಅಮ್ಮಾ' ಸೇರಿಸಿ ಕರೆದದ್ದು ಅದೇ ಮೊದಲು.

ಶೇಕ್ದಾರರು ಕಾಗದ ಬಿಚ್ಚಿದರು. "ಹೆಸರೇನಮ್ಮ?"

"ಮಾರಿಯಮ್ಮ ಸಾಮಿ."

"ಗಂಡನ ಹೆಸರು?"

ಅವಳು ಸೆರಗು ಎಳೆದುಕೊಂಡಳು. "ಗಂಡನ ಎಸ್ರು ನನ್ ಬಾಯಲ್ಲಿ ಎಂಗೇಳ್ಲಿ ಸಾಮಿ. ಸೀನಪ್ಪಂಗೆ ಗೊತ್ತು, ಅವ್ರನ್ನೇ ಕೇಳಿ."

ಎಲ್ಲರೂ ಸೀನಪ್ಪನ ಕಡೆ ತಿರುಗಿದರು. ಗಂಡನ ಹೆಸರು ಹೇಳದ ಹೆಂಗಸರ ಪರವಾಗಿ ಇನ್ನೊಬ್ಬರು ಹೇಳುವುದು ದಿನಬೆಳಗಾದರೆ ನಡೆಯುವ ಮಾತು. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಅವನಿಗೆ ಮಾತ್ರ ಕಾಲಡಿಯ ನೆಲ ಅದುರಿದಂತಾಯಿತು. "ಮುನಿಶಾಮಿ," ಎಂದ. ದನಿ ಒಡೆದು ಬಂತು. ಶೇಕ್ದಾರರು, "ಏನು? ಜೋರಾಗಿ ಹೇಳಪ್ಪ," ಎಂದರು. "ಮುನಿಶಾಮಿ!" ಎಂದು ಅವನು ಕೂಗಿಯೇಬಿಟ್ಟ. ಒಂದಿಬ್ಬರು ನಕ್ಕರು.

"ಇಲ್ಲೇ ಇದ್ದೋಳು ಊರು ಬಿಟ್ಟದ್ದು ಯಾಕಮ್ಮ?"

"ಅದ್ನೂ ಸೀನಪ್ಪನೇ ಏಳ್ಬೇಕು ಸಾಮಿ. ನಾನು ಎಂಗ್ಸು, ನಂಗೇನ್ ತಿಳೀತೈತೆ."

ನಗು ನಿಂತಿತು. ಬಚ್ಚಪ್ಪ ಕೆಮ್ಮಿದ. ಶೇಕ್ದಾರರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಒಂದು ಮಾತು, ಒಂದೇ ಮಾತು. ಆ ಪೆನ್ನು ಅದನ್ನು ಬರೆದುಕೊಂಡರೆ ಮುನಿಶಾಮಿಯ ಹೆಸರಿಗೆ ಅಂಟಿದ್ದು ಎಂದೆಂದಿಗೂ ಹೋಗುತ್ತದೆ. ಜೊತೆಗೆ ಊರೂ ಹೋಗುತ್ತದೆ. ಅಟ್ಟದಿಂದ ಮಡಕೆ ಬಿದ್ದದ್ದು, ಅಂಬಲಿಯ ವಾಸನೆ, ಶಾಲೆ ಬರುತ್ತದೆಂದು ಮೊಮ್ಮಗಳು ಬಾಗಿಲಲ್ಲಿ ಬರೆಯುವ ಹಲಗೆ ಹಿಡಿದು ನಿಂತದ್ದು, ಎಲ್ಲ ಒಟ್ಟಿಗೆ ಬಂದು ಅವನ ಬಾಯಿಗೆ ಕೂತವು. "ಗಣಿ ಕೆಲ್ಸಕ್ಕೆ ಓದ್ರು ಸೋಮಿ," ಎನ್ನುವುದು ಅವನಿಗೆ ಕೇಳಿಸಿತು, ಬೇರೆ ಯಾರೋ ಹೇಳಿದ ಹಾಗೆ. "ಅಲ್ಲಿ ಕೂಲಿ ಚೆನ್ನಾಗಿತ್ತು." ಶೇಕ್ದಾರರು ಬರೆದುಕೊಂಡರು. ಮಾರಿಯಮ್ಮ ಅವನ ಕಡೆ ಒಂದು ಸಲ ನೋಡಿದಳು. ಅವನು ಆ ನೋಟವನ್ನು ಹಿಂದೆ ಒಂದು ಸಲ ಕಂಡಿದ್ದ.

"ಸರಿ. ನೀನು ಮದುವೆಯಾಗಿ ಬಂದಾಗ ಈ ಕಲ್ಲು ಇಲ್ಲಿತ್ತಾ?"

ಮಾರಿಯಮ್ಮ ತಿರುಗಿದಳು. ಸೀದಾ ಕಲ್ಲಿನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟಳು. ಊರು ಉಸಿರು ಹಿಡಿಯಿತು. ಬಚ್ಚಪ್ಪ 'ಏಯ್' ಎನ್ನಲು ಹೋದವನು ಶೇಕ್ದಾರರನ್ನು ನೋಡಿ ನುಂಗಿಕೊಂಡ. ಅವಳ ಕೈ ಕಲ್ಲಿನ ನೆತ್ತಿಯಿಂದ ಮೈಗೆ, ಮೈಯಿಂದ ಬುಡಕ್ಕೆ ನಿಧಾನವಾಗಿ ಇಳಿಯಿತು. ಮಣ್ಣಿಗೆ ಬಂದಾಗ ಅಲ್ಲೇ ನಿಂತಿತು. ಅದಕ್ಕಿಂತ ಒಂದು ಗೇಣು ಕೆಳಗೆ ಅಕ್ಷರಗಳಿದ್ದವು. ಸೀನಪ್ಪ ಹಾರೆಯನ್ನು ನೋಡಿದ. ಅಗೆಯಲಿ, ಅಗೆದುಬಿಡಲಿ, ನನ್ನ ಬಾಯಿಂದ ಬರುವುದು ಬೇಡ ಎಂದು ಅವನ ಒಳಗಿನ ಯಾವುದೋ ಒಂದು ಹೇಡಿ ಆಸೆಪಟ್ಟಿತು.

"ಇತ್ತು ಸಾಮಿ," ಎಂದಳು ಮಾರಿಯಮ್ಮ. "ನಮ್ಮತ್ತೆ ದೂರ್ದಿಂದ ತೋರ್ಸಿ ಕೈ ಮುಗಿಸಿದ್ರು."

"ಇದೇ ಕಲ್ಲೇ?"

"ಇದ್ನ ಬಿಟ್ರೆ ಈ ಊರ್ಗೆ ಬೇರೆ ಕಲ್ಲಿಲ್ಲ ಸಾಮಿ."

ಶೇಕ್ದಾರರು 'ಇದೇ ಕಲ್ಲು' ಎಂದು ಬರೆದು, ಓದಿ ಹೇಳಿ, ಮಸಿ ಡಬ್ಬಿ ಮುಂದೆ ಹಿಡಿದರು. ಅವಳು ಹೆಬ್ಬೆಟ್ಟು ಒತ್ತಿದಳು. ಜವಾನ ಹಾರೆಯನ್ನು ತನ್ನ ಸೈಕಲ್ಲಿಗೆ ಕಟ್ಟಿದ. ಎಳನೀರು, ನಮಸ್ಕಾರ, ಸೈಕಲ್ಲನ್ನು ನಾಲ್ಕು ಹೆಜ್ಜೆ ತಳ್ಳುವ ಉಪಚಾರ ಎಲ್ಲ ಮುಗಿದು ಅವರು ಹೊರಟಾಗ ಹೆಂಗಸರು ಹಣೆಗೆ ಕೈ ಒತ್ತಿಕೊಂಡರು. ಊರಾಯಿತು. ಹುಣಸೆದಿನ್ನೆ ಊರಾಯಿತು.

ಸೈಕಲ್ಲುಗಳು ಇನ್ನೂ ಹೊಲದ ದಾರಿಗೆ ಇಳಿಯುತ್ತಿದ್ದವು, ಬಚ್ಚಪ್ಪನ ಮುಖ ಬದಲಾಯಿತು. "ಮುಟ್ಬುಟ್ಲಲ್ರೋ! ಮೈಯೆಲ್ಲ ಸವ್ರಿದ್ಲು. ಇನ್ನೊಂದು ದೊಡ್ಡರೋಗ ಬರೋದ್ರೊಳ್ಗೆ ತೊಳೀಬೇಕು. ತನ್ನಿ, ಬಿಂದ್ಗೆ ತನ್ನಿ." ಮಾರಿಯಮ್ಮ ಹತ್ತು ಹೆಜ್ಜೆ ಆಚೆ, ಗಾಡಿಗೆ ಒರಗಿಕೊಂಡು ಹೆಬ್ಬೆರಳ ಮಸಿಯನ್ನು ಎಲೆಯಿಂದ ಒರೆಸಿಕೊಳ್ಳುತ್ತಿದ್ದಳು. ಅವಳಿಗೆ ಕೇಳಿಸದಿರಲು ಸಾಧ್ಯವಿರಲಿಲ್ಲ; ಯಾರೂ ಕೇಳಿಸಬಾರದೆಂದು ಪಿಸುಗುಟ್ಟಲೂ ಇಲ್ಲ. ಕನಕಮ್ಮ ತುಂಬಿದ ಬಿಂದಿಗೆ ತಂದು ಗಂಡನ ತೋಳಿಗೆ ಕೊಟ್ಟಳು. "ಮೊದ್ಲ ಬಿಂದ್ಗೆ ನೀವೇ ಉಯ್ರಿ. ನಿಮ್ಮಷ್ಟು ಬಕ್ತಿ ಯಾರ್ಗೈತೆ," ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಸೀನಪ್ಪ ತಡೆದುಕೊಳ್ಳಲಾರದೆ ಹೋದ.

"ಉಯ್ಯಾಕಿಲ್ಲ," ಎಂದ. "ಅದು ಕರುವುಗಲ್ಲಲ್ಲ. ನಮ್ಮ ಕಲ್ಲು ಕೆರೇಲೈತೆ. ನನ್ ಗಾಡಿ ಚಕ್ರ ಅತ್ತಿ ಮುರೀತು. ಗಣಿಯೋರ ಕಲ್ಲು ತಂದು ನೆಟ್ಟೋನು ನಾನು. ನಾನಳ್ತಿದ್ದೆ ಅಂತ ಮುನಿಶಾಮಿ ಬಂದು ಕೈ ಆಕ್ದ. ನಾನೇ ಕರ್ದೆ, ನಾನೇ ಮುಟ್ಟು ಅಂದೆ. ತೆಪ್ಪು ಅವ್ನದಲ್ಲ."

ಬೈಯುತ್ತಾರೆ, ಹೊಡೆಯುತ್ತಾರೆ, ತನ್ನ ಮನೆಯ ಮಾಡೂ ಕೀಳುತ್ತಾರೆ ಎಂದು ಸೀನಪ್ಪ ಕಾದ. ಅದು ಆಗಲಿ ಎಂದೇ ಕಾದ. ಬಚ್ಚಪ್ಪ ಓಡಿಬಂದು ಅವನ ತೋಳು ಹಿಡಿದು, ಹಲ್ಲು ಕಚ್ಚಿ, "ಮೆತ್ಗೆ ಮಾತಾಡ್ಲಾ! ಶೇಕ್ದಾರ್ರು ಇನ್ನೂ ಗುಡ್ಡ ದಾಟಿಲ್ಲ," ಎಂದ.

ಅಷ್ಟೇ. ಎಲ್ಲರೂ ಅವನನ್ನು ಬಿಟ್ಟು ಹೊಲದ ದಾರಿಯನ್ನೇ ನೋಡುತ್ತಿದ್ದರು. ಬಿಳೀ ಗುಡ್ಡದ ಬುಡದಲ್ಲಿ ಎರಡು ಸೈಕಲ್ಲು ನಿಧಾನಕ್ಕೆ ಹೋಗುತ್ತಿದ್ದವು.

"ಬರ್ಕೊಂಡೋರು ಇನ್ನೂ ಕಾಣ್ತಾವ್ರೆ ಸೀನಪ್ಪಾ," ಎಂದಳು ಮಾರಿಯಮ್ಮ ಗಾಡಿಯ ಹತ್ತಿರದಿಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೂಗು."

ಸೀನಪ್ಪ ಬಾಯಿ ತೆರೆದ. ಗಾಳಿ ಗುಡ್ಡದ ಕಡೆಗೇ ಬೀಸುತ್ತಿತ್ತು, ಕೂಗಿದರೆ ಕೇಳಿಸುವಷ್ಟೇ ದೂರ. ತೋಳಿನಲ್ಲಿದ್ದ ಬಿಂದಿಗೆಯ ನೀರು ತುಳುಕಿ ಅವನ ಎದೆ ಒದ್ದೆಯಾಯಿತು. ಮುಂದಿನ ಸೈಕಲ್ಲು ಗುಡ್ಡದ ಮರೆಗೆ ಹೋಯಿತು, ಆಮೇಲೆ ಹಿಂದಿನದೂ ಹೋಯಿತು. ಆಗ ಅವನು ಬಾಯಿ ಮುಚ್ಚಿದ.

"ಸರಿ," ಎಂದಳು ಮಾರಿಯಮ್ಮ. "ಗಾಡಿ ಕಟ್ಟು. ಸಂಜೆ ಗಣಿ ಸಂಗು ಊದೋದ್ರೊಳ್ಗೆ ನಾನು ಲೈನ್ ಸೇರ್ಬೇಕು."

ಅವನು ಬಿಂದಿಗೆಯನ್ನು ನೆಲದ ಮೇಲಿಟ್ಟು, ಎತ್ತುಗಳನ್ನು ತಂದು ನೊಗಕ್ಕೆ ಕಟ್ಟತೊಡಗಿದ. ಹಗ್ಗದ ಗಂಟು ಎರಡು ಸಲ ಬಿಚ್ಚಿಹೋಯಿತು. ಬೆನ್ನ ಹಿಂದೆ ಕಲ್ಲಿನ ಮೇಲೆ ನೀರು ಬೀಳುವ ಸದ್ದಾಯಿತು, ಒಂದು ಬಿಂದಿಗೆ, ಆಮೇಲೆ ಇನ್ನೊಂದು. ಯಾರು ಹುಯ್ಯುತ್ತಿದ್ದಾರೆಂದು ಸೀನಪ್ಪ ತಿರುಗಿ ನೋಡಲಿಲ್ಲ. ಮಾರಿಯಮ್ಮ ಗಾಡಿಯ ಹಲಗೆಯ ಮೇಲೆ ಕೂತು ನೋಡುತ್ತಿದ್ದಳು.